ಲಿನಕ್ಸ್‌ನಲ್ಲಿ ವಿಂಡೋಸ್ ಶೇರ್ ತೆರೆಯದಿದ್ದಾಗ: 112, 13 ಮತ್ತು ಬರೆಯಲಾಗದ ಫೋಲ್ಡರ್

ಪ್ರಶ್ನೆ: ಮುಂಬೈ ಬಳಿಯ ಡೊಂಬಿವಲಿ ಪೂರ್ವದಲ್ಲಿ ನಮ್ಮದೊಂದು ಸಣ್ಣ ಲೆಕ್ಕಪತ್ರದ ಕಚೇರಿಯಿದೆ. ನನ್ನ ವಿಂಡೋಸ್ ಕಂಪ್ಯೂಟರಿನಲ್ಲಿರುವ 'ಹಿಸಾಬ್' ಎಂಬ ಫೋಲ್ಡರನ್ನು ಶೇರ್ ಮಾಡಿ, ಸಹಾಯಕರು ಕೂರುವ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ ಹಾಕಿಸಿ, ಅದರಿಂದ ಆ ಫೋಲ್ಡರನ್ನು ವರ್ಷಗಟ್ಟಲೆ ತೊಂದರೆಯಿಲ್ಲದೆ ಬಳಸುತ್ತಿದ್ದೆವು. ಈಚೆಗೆ ನನ್ನ ಯಂತ್ರ ಕೆಟ್ಟು, ವಿಂಡೋಸ್ 11 ಪ್ರೊ ಇರುವ ಹೊಸದು ಬಂತು. ಅಂದಿನಿಂದ ಲಿನಕ್ಸ್‌ನಲ್ಲಿ ಅದನ್ನು ಮೌಂಟ್ ಮಾಡಹೋದರೆ, ಅಂದರೆ ಈ ಯಂತ್ರಕ್ಕೆ ಜೋಡಿಸಿಕೊಳ್ಳಹೋದರೆ, 112 ಎಂಬ ಸಂಖ್ಯೆಯೊಡನೆ 'ಹೋಸ್ಟ್ ಈಸ್ ಡೌನ್' ಎಂದು ಬರುತ್ತಿತ್ತು. ಯಂತ್ರವಾದರೋ ಕಣ್ಣೆದುರೇ ಚಾಲೂ ಇತ್ತು. ಮೌಂಟ್ ಸಾಲಿನಲ್ಲಿದ್ದ 'ವರ್ಸ್' ಎಂಬ ಆಯ್ಕೆಯನ್ನು ತೆಗೆದ ಮೇಲೆ 13, 'ಪರ್ಮಿಷನ್ ಡಿನೈಡ್' ಎನ್ನುತ್ತಿದೆ. ನಾನು ದಿನವೂ ವಿಂಡೋಸ್ ತೆರೆಯಲು ಬಳಸುವ ಪಿನ್ನನ್ನೇ ಕೊಡುತ್ತಿದ್ದೇನೆ. ವಿಂಡೋಸ್‌ನಲ್ಲಿ ಫೈಲ್ ಹಂಚಿಕೆಯ ಹಳೆಯ ಪದ್ಧತಿಯಾದ ಎಸ್‌ಎಂಬಿ 1 ಚಾಲೂ ಮಾಡಿ, ಲಿನಕ್ಸ್‌ನಲ್ಲಿ ಫೋಲ್ಡರಿಗೆ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಡಿ ಎಂದು ಪರಿಚಯದವರೊಬ್ಬರು ಹೇಳಿದರು. ಹಾಗೆ ಮಾಡಬಹುದೇ?

ಉತ್ತರ: ಎರಡನ್ನೂ ಮಾಡಬೇಡಿ. ಮೊದಲನೆಯದು ಅಪಾಯಕಾರಿ, ಎರಡನೆಯದು ನಿಷ್ಪ್ರಯೋಜಕ.

ನಿಮ್ಮ ಪತ್ರ ಓದಿದಾಗ ಅನ್ನಿಸಿದ್ದು ಇಷ್ಟು: ನಿಮ್ಮಲ್ಲಿರುವುದು ಒಂದು ದೋಷವಲ್ಲ, ಒಂದರ ಹಿಂದೊಂದು ಅಡಗಿ ನಿಂತ ಮೂರು ದೋಷಗಳು. ಮೊದಲನೆಯದನ್ನು ನೀವೇ ಸರಿಯಾಗಿ ತೆಗೆದಿದ್ದೀರಿ. ಆದರೆ ಅದರ ಹಿಂದಿದ್ದ ಎರಡನೆಯದು ಎದುರಾದಾಗ, ಮಾಡಿದ ಬದಲಾವಣೆಯೇ ತಪ್ಪೆಂಬ ಅನುಮಾನ ನಿಮಗೆ ಬಂದಿದೆ. ಎರಡನೆಯದು ಹೋದ ಮೇಲೆ ಫೋಲ್ಡರ್ ತೆರೆಯುತ್ತದೆ, ಆದರೆ ಅದರೊಳಗೆ ಏನನ್ನೂ ಬರೆಯಲು ಆಗುವುದಿಲ್ಲ ಎಂಬ ಮೂರನೆಯದು ಬರುವ ಸಂಭವ ಹೆಚ್ಚು. ಅದಕ್ಕೂ ಈಗಲೇ ಸಿದ್ಧರಾಗಿರಿ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೌಂಟ್ ಆಜ್ಞೆ ತೋರಿಸುವ ಆ ಚುಟುಕು ಇಂಗ್ಲಿಷ್ ವಾಕ್ಯವನ್ನು ಅಕ್ಷರಶಃ ನಂಬಬಾರದು. ವಿಂಡೋಸ್ ಕೊಡುವ ಕಾರಣಗಳು ನೂರಾರು. ಲಿನಕ್ಸ್‌ನ ದೋಷಸಂಖ್ಯೆಗಳ ಪಟ್ಟಿಯಾದರೋ ಯೂನಿಕ್ಸ್ ಕಾಲದಿಂದ ಬಂದ ಹಳೆಯ, ಸೀಮಿತ ಪಟ್ಟಿ. ಆ ನೂರಾರನ್ನು ಈ ಪಟ್ಟಿಯೊಳಗೆ ತುರುಕುವಾಗ ಅರ್ಥ ಕಳೆದುಹೋಗುತ್ತದೆ. ಪಾಸ್‌ವರ್ಡ್ ತಪ್ಪಿದರೂ 13, ಖಾತೆಗೆ ಬೀಗ ಬಿದ್ದಿದ್ದರೂ 13, ಪಾಸ್‌ವರ್ಡೇ ಇಲ್ಲದ ಖಾತೆಯಾದರೂ 13, ಎಲ್ಲ ಸರಿಯಿದ್ದು ಆ ಫೋಲ್ಡರಿಗೆ ಮಾತ್ರ ಅನುಮತಿ ಇಲ್ಲದಿದ್ದರೂ 13. ನಿಜವಾದ ಕಾರಣ ಲಿನಕ್ಸ್‌ನ ತಿರುಳಾದ ಕರ್ನಲ್‌ನ ದಾಖಲೆಯಲ್ಲಿ ಇರುತ್ತದೆ. ಮೌಂಟ್ ವಿಫಲವಾದ ಕೂಡಲೇ ಅದೇ ಟರ್ಮಿನಲ್‌ನಲ್ಲಿ ಸುಡೋ (ಮೇಲಧಿಕಾರದಿಂದ ನಡೆಸು ಎಂಬ ಪದ) ಸೇರಿಸಿ ಡಿ-ಎಂ-ಇ-ಎಸ್-ಜಿ ಎಂಬ ಐದಕ್ಷರದ ಆಜ್ಞೆಯನ್ನು ಕೊಟ್ಟು, ಕೊನೆಯ ಹತ್ತು ಸಾಲುಗಳನ್ನು ಓದಿ. ಅಲ್ಲಿ 'ಸಿಐಎಫ್‌ಎಸ್' ಎಂದು ಆರಂಭವಾಗುವ ಸಾಲುಗಳ ನಡುವೆ 'ಸ್ಟೇಟಸ್ ಲಾಗನ್ ಫೇಲ್ಯೂರ್' ಎಂದೋ 'ಸ್ಟೇಟಸ್ ಅಕೌಂಟ್ ರಿಸ್ಟ್ರಿಕ್ಷನ್' ಎಂದೋ ವಿಂಡೋಸ್ ಹೇಳಿದ ಮಾತು ಹಾಗೆಯೇ ಸಿಗುತ್ತದೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಮಂದಿ ಈ ಸಾಲುಗಳನ್ನು ನೋಡುವುದೇ ಇಲ್ಲ; ಮೌಂಟ್ ಸಾಲಿನ ಆಯ್ಕೆಗಳನ್ನು ಒಂದಾದ ಮೇಲೊಂದು ಬದಲಿಸುತ್ತ ಸಂಜೆ ಮಾಡುತ್ತಾರೆ.

ಈಗ 112ರ ವಿಷಯ. ವಿಂಡೋಸ್ ಶೇರ್‌ಗಳು ಬಳಸುವ ಎಸ್‌ಎಂಬಿ ಎಂಬ ಪ್ರೋಟೊಕಾಲ್ 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. ಅದರ ಆವೃತ್ತಿಗಳಿಗೆ ತಂತ್ರಜ್ಞರು 'ಡಯಲೆಕ್ಟ್', ಅಂದರೆ ಉಪಭಾಷೆ, ಎಂದೇ ಹೆಸರಿಟ್ಟಿದ್ದಾರೆ. ವಿಂಡೋಸ್ ವಿಸ್ತಾದೊಡನೆ ಎರಡನೆಯದು ಬಂತು, 2012ರಲ್ಲಿ ವಿಂಡೋಸ್ 8ರೊಡನೆ ಮೂರನೆಯದು. ಆದರೂ ಹಳೆಯ ಯಂತ್ರಗಳಿಗಾಗಿ ಮೊದಲನೆಯದನ್ನು ಬಹುಕಾಲ ಉಳಿಸಿಕೊಳ್ಳಲಾಗಿತ್ತು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ದೋಷವನ್ನೇ ಹಿಡಿದು ಜಗತ್ತಿನಾದ್ಯಂತ ಹರಡಿತು. ಅದನ್ನು ಕೈಬಿಡುವ ಆಲೋಚನೆ ಮೈಕ್ರೋಸಾಫ್ಟ್‌ನಲ್ಲಿ ಮೊದಲೇ ಇತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸ ಯಂತ್ರಗಳಲ್ಲಿ ಎಸ್‌ಎಂಬಿ 1 ತಾನಾಗಿ ಬರುವುದು ನಿಂತಿತು. ಲಿನಕ್ಸ್ ಕರ್ನಲ್ ಕೂಡ ಆ ವರ್ಷದ 4.13ರಿಂದ, ಏನೂ ಹೇಳದಿದ್ದರೆ ಎಸ್‌ಎಂಬಿ 1 ಬಳಸುವ ಪದ್ಧತಿಯನ್ನು ಬಿಟ್ಟಿತು.

ನಿಮ್ಮ ಮೌಂಟ್ ಸಾಲಿನಲ್ಲಿದ್ದ 'ವರ್ಸ್' ಆಯ್ಕೆಯ ಮುಂದೆ 1.0 ಎಂದಿದ್ದಿರಬೇಕು. ಹಳೆಯ ಯಂತ್ರ ಆ ಉಪಭಾಷೆಯನ್ನು ಅರಿತಿತ್ತು, ಹೊಸದಕ್ಕೆ ಅದು ಬೇಡ. ಲಿನಕ್ಸ್ ಮಾತು ಆರಂಭಿಸಿದ ಕೂಡಲೇ ವಿಂಡೋಸ್ ಫೋನ್ ಇಟ್ಟುಬಿಡುತ್ತದೆ; ಇತ್ತ ಲಿನಕ್ಸ್ 'ಆ ಕಡೆಯವರು ಊರಲ್ಲೇ ಇಲ್ಲ' ಎಂದು ನಿಮಗೆ ವರದಿ ಕೊಡುತ್ತದೆ. ಆ ಆಯ್ಕೆಯನ್ನು ತೆಗೆದದ್ದು ಸರಿ. ಈಗ ಎರಡೂ ಕಡೆಯವರು ತಮಗೆ ಗೊತ್ತಿರುವುದರಲ್ಲಿ ಹೊಸದನ್ನು ತಾವೇ ಆರಿಸಿಕೊಳ್ಳುತ್ತಾರೆ, ಅಲ್ಲಿ ಏನನ್ನೂ ಬರೆಯುವ ಅಗತ್ಯವಿಲ್ಲ.

ನಿಮ್ಮ ಪರಿಚಯದವರ ಸಲಹೆಗೂ ಒಂದು ಹಿನ್ನೆಲೆ ಇದೆ. ಹಿಂದೆ 'ನೆಟ್‌ವರ್ಕ್' ಎಂದು ಒತ್ತಿದರೆ ಕಚೇರಿಯ ಕಂಪ್ಯೂಟರುಗಳೆಲ್ಲ ಸಾಲಾಗಿ ಕಾಣುತ್ತಿದ್ದ ಪಟ್ಟಿ ಎಸ್‌ಎಂಬಿ 1ರ ಕಾಲದ ಏರ್ಪಾಡನ್ನು ಅವಲಂಬಿಸಿತ್ತು. ಅದು ಹೋದೊಡನೆ ಪಟ್ಟಿ ಬರಿದಾಯಿತು. ಶೇರೇ ಹೋಯಿತೆಂದು ಜನ ತಿಳಿದರು. ಪಟ್ಟಿಯಲ್ಲಿ ಕಾಣದ ಯಂತ್ರವನ್ನೂ ಅದರ ಐಪಿ ವಿಳಾಸದಿಂದ ನೇರವಾಗಿ ಮೌಂಟ್ ಮಾಡಬಹುದು. ಹೆಸರಿನಿಂದ ಹುಡುಕುವುದನ್ನು ಬಿಟ್ಟು, ರೂಟರಿನಲ್ಲಿ ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ನಿಮ್ಮ ವಿಂಡೋಸ್ ಯಂತ್ರಕ್ಕೆ ಒಂದು ವಿಳಾಸವನ್ನು ಕಾಯ್ದಿರಿಸಿ, ಅದನ್ನೇ ಬಳಸಿ. ಸಣ್ಣ ಕಚೇರಿಗಳಲ್ಲಿ ಇದಕ್ಕಿಂತ ನೆಮ್ಮದಿಯ ದಾರಿಯನ್ನು ನಾನು ಕಂಡಿಲ್ಲ.

ನಿಮಗೆ 13 ಬರುತ್ತಿರುವುದರಿಂದ ನೆಟ್‌ವರ್ಕ್ ಮಾರ್ಗ ಸರಿಯಾಗಿದೆ ಎಂದಾಯಿತು. ಅಲ್ಲಗಳೆಯುವುದಕ್ಕೂ ವಿಂಡೋಸ್‌ಗೆ ನಿಮ್ಮ ಕರೆ ಮುಟ್ಟಿರಬೇಕಲ್ಲ. ಆದರೂ ನಾಳೆ ಕೇಬಲಿನವರು ರೂಟರ್ ಬದಲಿಸಿ ಹೋದ ಮೇಲೆ 115 ಬರಬಹುದು. ಆಗ ಎಸ್‌ಎಂಬಿ ಬಳಸುವ ದ್ವಾರವಾದ 445ನೆಯ ಟಿಸಿಪಿ ಪೋರ್ಟ್ ಮುಚ್ಚಿದೆ ಎಂದು ತಿಳಿಯಿರಿ. ಹೊಸ ವೈಫೈಯನ್ನು ವಿಂಡೋಸ್ ಸಾಮಾನ್ಯವಾಗಿ 'ಪಬ್ಲಿಕ್' ಎಂದು ಗುರುತಿಸಿಕೊಂಡು ಫೈಲ್ ಹಂಚಿಕೆಯನ್ನು ತಡೆಯುತ್ತದೆ. ಅದನ್ನು 'ಪ್ರೈವೇಟ್' ಮಾಡಿದರೆ ಸಾಕು, ಫೈರ್‌ವಾಲನ್ನೇ ಆಫ್ ಮಾಡುವ ಅಗತ್ಯವಿಲ್ಲ. ಯಂತ್ರ ಇದೆಯೇ ಎಂದು ಕೇಳುವ ಪಿಂಗ್ ಆಜ್ಞೆಗೆ ಉತ್ತರ ಬರಲಿಲ್ಲವೆಂದ ಮಾತ್ರಕ್ಕೆ ಯಂತ್ರ ಸತ್ತಿದೆ ಎಂದು ತೀರ್ಮಾನಿಸಬೇಡಿ, ಏಕೆಂದರೆ ಪಿಂಗ್‌ಗೆ ಉತ್ತರಿಸದಂತೆಯೂ ವಿಂಡೋಸ್ ಫೈರ್‌ವಾಲ್ ತಡೆಯುತ್ತದೆ. ನಮ್ಮ ಕಡೆಯ ಕಟ್ಟಡಗಳಲ್ಲಿ ಇನ್ನೊಂದು ತೊಡಕೂ ಸಾಮಾನ್ಯ. ಒಳಕೋಣೆಗೆ ಸಿಗ್ನಲ್ ಬರುವುದಿಲ್ಲವೆಂದು ಎರಡನೆಯ ರೂಟರ್ ಕೂರಿಸುತ್ತಾರೆ. ಒಂದು ಯಂತ್ರ 192.168.0ರ ಸಾಲಿನಲ್ಲೂ ಇನ್ನೊಂದು 192.168.1ರ ಸಾಲಿನಲ್ಲೂ ಕುಳಿತಿರುತ್ತದೆ. ಒಳಗಿನ ರೂಟರಿನ ಹಿಂದಿರುವುದು ಲಿನಕ್ಸ್ ಆದರೆ ಕೆಲಸ ನಡೆಯುತ್ತದೆ, ವಿಂಡೋಸ್ ಆದರೆ ನಡೆಯುವುದಿಲ್ಲ.

ಇನ್ನು ನಿಮ್ಮ ಈಗಿನ ಕಷ್ಟವಾದ 13. ಇಲ್ಲಿ ಮೌಂಟ್ ಆಜ್ಞೆಯನ್ನು ಬದಿಗಿಟ್ಟು, ಎಸ್‌ಎಂಬಿಕ್ಲೈಂಟ್ ಎಂಬ ಉಪಕರಣವನ್ನು ಹಾಕಿಕೊಳ್ಳಿ. ಮಿಂಟ್‌ನ ಸಾಫ್ಟ್‌ವೇರ್ ಭಂಡಾರದಲ್ಲಿ ಅದೇ ಹೆಸರಿನಲ್ಲಿ ಸಿಗುತ್ತದೆ. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ ಆರಂಭಿಸಿದ ಸಾಂಬಾ ಯೋಜನೆಯ ಭಾಗ ಅದು. ದೊಡ್ಡಕ್ಷರದ ಎಲ್ ಆಯ್ಕೆಯ ಜೊತೆಗೆ ವಿಂಡೋಸ್ ಯಂತ್ರದ ವಿಳಾಸವನ್ನೂ, ದೊಡ್ಡಕ್ಷರದ ಯು ಆಯ್ಕೆಯ ಜೊತೆಗೆ ಬಳಕೆದಾರರ ಹೆಸರನ್ನೂ ಕೊಟ್ಟರೆ, ಅದು ಪಾಸ್‌ವರ್ಡ್ ಕೇಳಿ, ಒಪ್ಪಿಗೆಯಾದರೆ ಆ ಯಂತ್ರದ ಶೇರ್‌ಗಳ ಪಟ್ಟಿಯನ್ನು ತೋರಿಸುತ್ತದೆ. ಇದಕ್ಕೆ ಕರ್ನಲ್ ಆಗಲಿ, ತಾನಾಗಿ ಮೌಂಟ್ ಆಗಬೇಕಾದವುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಆಗಲಿ, ಮೌಂಟ್ ಆಯ್ಕೆಗಳಾಗಲಿ ಸಂಬಂಧಿಸುವುದಿಲ್ಲವಾದ್ದರಿಂದ, ಇಲ್ಲಿಯೂ ಸೋತರೆ ತಪ್ಪು ಹೆಸರು-ಪಾಸ್‌ವರ್ಡಿನದು ಅಥವಾ ವಿಂಡೋಸ್‌ನದು. ಇಲ್ಲಿ ಗೆದ್ದು ಮೌಂಟ್‌ನಲ್ಲಿ ಮಾತ್ರ ಸೋತರೆ ತಪ್ಪು ನಿಮ್ಮ ಮೌಂಟ್ ಸಾಲಿನದು. ಪಟ್ಟಿಯಲ್ಲಿ ಶೇರ್‌ನ ಹೆಸರು ಹೇಗಿದೆ ಎಂಬುದನ್ನೂ ನೋಡಿಕೊಳ್ಳಿ. ಫೋಲ್ಡರಿನ ಹೆಸರು ಮತ್ತು ಅದನ್ನು ಶೇರ್ ಮಾಡಿದ ಹೆಸರು ಬೇರೆಬೇರೆ ಆಗಿರಬಹುದು. ಹಾಗಾದಾಗ ಮೌಂಟ್‌ನಲ್ಲಿ 2 ಎಂಬ ದೋಷ ಬರುತ್ತದೆ.

ನಿಮ್ಮ ವಿಷಯದಲ್ಲಿ ಉತ್ತರ ಬಹುಮಟ್ಟಿಗೆ ನಿಮ್ಮ ಪತ್ರದಲ್ಲೇ ಇದೆ: ಪಿನ್. ವಿಂಡೋಸ್‌ನ ಪಿನ್ ಆ ಒಂದು ಯಂತ್ರದ ಮುಂದೆ ಕುಳಿತವರಿಗೆ ಮಾತ್ರ ಸಲ್ಲುವಂಥದ್ದು. ನೆಟ್‌ವರ್ಕ್‌ನ ಮೂಲಕ ಬರುವವರಿಂದ ವಿಂಡೋಸ್ ಪಾಸ್‌ವರ್ಡನ್ನೇ ಕೇಳುತ್ತದೆ, ಪಿನ್ನನ್ನು ಎಷ್ಟು ಸಲ ಕೊಟ್ಟರೂ ಅದು ತಪ್ಪು ಪಾಸ್‌ವರ್ಡ್ ಎಂದೇ ಲೆಕ್ಕ. ಹೊಸ ವಿಂಡೋಸ್ 11ರ ಯಂತ್ರಗಳಲ್ಲಿ 10 ಸಲ ತಪ್ಪಿದರೆ ಆ ಖಾತೆಗೆ 10 ನಿಮಿಷ ಬೀಗ ಬೀಳುವ ಏರ್ಪಾಡು ಇರುವುದರಿಂದ, ಬೇಸರದಲ್ಲಿ ಮತ್ತೆ ಮತ್ತೆ ಪ್ರಯತ್ನಿಸಿದವರಿಗೆ ಕೊನೆಗೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ 13 ಬರುತ್ತದೆ! ಇದರ ಜೊತೆಗೆ ಬಳಕೆದಾರರ ಹೆಸರಿನ ಗೊಂದಲವೂ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಸ್ಥಾಪಿಸಿದ ಯಂತ್ರದಲ್ಲಿ ಪರದೆಯ ಮೇಲೆ ಕಾಣುವುದು ನಿಮ್ಮ ಪೂರ್ಣ ಹೆಸರು. ಒಳಗಿನ ಹೆಸರು ಇಮೇಲಿನ ಮೊದಲ ಐದಕ್ಷರ ಆಗಿರಬಹುದು.

ಈ ಗೊಂದಲದಲ್ಲಿ ಸಿಲುಕುವ ಬದಲು ವಿಂಡೋಸ್‌ನಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕವಾದ ಒಂದು ಲೋಕಲ್ ಖಾತೆಯನ್ನು ಮಾಡಿ, 'ಲೆಕ್ಕ' ಎಂದು ಹೆಸರಿಡಿ, ಉದ್ದನೆಯ ಪಾಸ್‌ವರ್ಡ್ ಕೊಡಿ. ಇಂಗ್ಲಿಷ್ ಅಕ್ಷರಗಳಲ್ಲೇ ಇರಲಿ. ಅದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಡ, ಅದರಿಂದ ಯಾರೂ ಆ ಯಂತ್ರದಲ್ಲಿ ಲಾಗಿನ್ ಆಗಬೇಕಾದದ್ದೂ ಇಲ್ಲ. ನಾಳೆ ಸಹಾಯಕರು ಕೆಲಸ ಬಿಟ್ಟುಹೋದರೆ ಇದೊಂದರ ಪಾಸ್‌ವರ್ಡ್ ಬದಲಿಸಿದರಾಯಿತು. ನಿಮ್ಮ ಸ್ವಂತ ಖಾತೆಯ ಕೀಲಿ ಯಾವ ಕಾಲಕ್ಕೂ ಹಳೆಯ ಯಂತ್ರದ ಡಿಸ್ಕಿನಲ್ಲಿ ಬರೆದಿಟ್ಟಿರುವುದಿಲ್ಲ. ಗ್ರಾಹಕರ ಪ್ಯಾನ್, ಬ್ಯಾಂಕ್ ವಿವರಗಳಿರುವ ಫೋಲ್ಡರಿಗೆ ಇಷ್ಟಾದರೂ ಜಾಗ್ರತೆ ಬೇಕು. ಪಾಸ್‌ವರ್ಡೇ ಬೇಡ, 'ಗೆಸ್ಟ್' ಆಗಿ ಬಿಟ್ಟುಬಿಡೋಣ ಎಂಬ ಆಸೆಯೂ ಬೇಡ: ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ಯಂತ್ರಗಳು ಪ್ರತಿ ಎಸ್‌ಎಂಬಿ ಸಂದೇಶಕ್ಕೂ ಡಿಜಿಟಲ್ ಸಹಿಯನ್ನು ಕಡ್ಡಾಯವಾಗಿ ಕೇಳುತ್ತವೆ, ಗೆಸ್ಟ್ ಸಂಪರ್ಕಕ್ಕೆ ಸಹಿ ಹಾಕಲು ಬೇಕಾದ ಕೀಲಿಯೇ ಇರುವುದಿಲ್ಲ. ಹೆಸರು-ಪಾಸ್‌ವರ್ಡ್ ಕೊಟ್ಟು ಬರುವ ಲಿನಕ್ಸ್ ತಾನಾಗಿ ಸಹಿ ಹಾಕುತ್ತದೆ, ಅದಕ್ಕೆ ನೀವು ಏನೂ ಮಾಡಬೇಕಾಗಿಲ್ಲ.

ಪಾಸ್‌ವರ್ಡನ್ನು ಮೌಂಟ್ ಸಾಲಿನಲ್ಲೇ ಬರೆಯಬೇಡಿ. ಮುಂಬೈ ಫೋರ್ಟ್‌ನ ಒಂದು ಕಚೇರಿಯಲ್ಲಿ ನಾನು ಒಂದು ಇಡೀ ಮಧ್ಯಾಹ್ನವನ್ನು ಇದರಿಂದ ಕಳೆದುಕೊಂಡಿದ್ದೇನೆ. ಎಸ್‌ಎಂಬಿಕ್ಲೈಂಟ್ ಒಪ್ಪುತ್ತಿದ್ದ ಪಾಸ್‌ವರ್ಡನ್ನು ಮೌಂಟ್ ಒಪ್ಪುತ್ತಿರಲಿಲ್ಲ. ಕಾಗದದ ಮೇಲೆ ಒಂದೊಂದೇ ಅಕ್ಷರ ಬರೆದು ನೋಡುವಾಗ ಕಣ್ಣಿಗೆ ಬಿದ್ದದ್ದು ನಡುವಿನ ಒಂದು ಅಲ್ಪವಿರಾಮ. ಮೌಂಟ್ ಸಾಲಿನಲ್ಲಿ ಒಂದು ಆಯ್ಕೆಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಅಲ್ಪವಿರಾಮವೇ. ಹಾಗಾಗಿ ಪಾಸ್‌ವರ್ಡ್ ಅಲ್ಲಿಗೇ ಮುಗಿಯಿತೆಂದು ಅದು ತಿಳಿಯುತ್ತಿತ್ತು, ಉಳಿದರ್ಧವನ್ನು ಬೇರೊಂದು ಆಯ್ಕೆಯೆಂದು ಓದುತ್ತಿತ್ತು. ಹೆಸರನ್ನೂ ಪಾಸ್‌ವರ್ಡನ್ನೂ ಎರಡು ಸಾಲುಗಳಲ್ಲಿ, ಸಮಚಿಹ್ನೆಯ ಆಚೀಚೆ ಖಾಲಿ ಜಾಗ ಬಿಡದೆ, ಪ್ರತ್ಯೇಕ ಫೈಲಿನಲ್ಲಿ ಬರೆದು, ರೂಟ್ (ಲಿನಕ್ಸ್‌ನ ಸರ್ವಾಧಿಕಾರಿ ಖಾತೆ) ಬಿಟ್ಟು ಬೇರೆ ಯಾರೂ ಓದದಂತೆ ಅದಕ್ಕೆ 600 ಅನುಮತಿ ಕೊಟ್ಟು, 'ಕ್ರೆಡೆನ್ಷಿಯಲ್ಸ್' ಎಂಬ ಆಯ್ಕೆಯಿಂದ ಆ ಫೈಲನ್ನು ಸೂಚಿಸಿದರೆ ಈ ತೊಂದರೆ ಇರುವುದಿಲ್ಲ, ಪಾಸ್‌ವರ್ಡ್ ಕಂಡವರ ಕಣ್ಣಿಗೂ ಬೀಳುವುದಿಲ್ಲ.

ಇಲ್ಲಿಗೆ ಫೋಲ್ಡರ್ ತೆರೆಯುತ್ತದೆ. ಬರೆಯಲು ಬಹುಶಃ ಆಗುವುದಿಲ್ಲ. ಈ ಮೂರನೆಯ ಘಟ್ಟದಲ್ಲಿ ಎರಡು ಬೇರೆ ಕಾವಲುಗಾರರಿದ್ದಾರೆ ಎಂಬುದನ್ನು ಮರೆಯಬಾರದು. ಒಬ್ಬ ಲಿನಕ್ಸ್‌ನೊಳಗೇ ಇದ್ದಾನೆ, ಇನ್ನೊಬ್ಬ ವಿಂಡೋಸ್‌ನಲ್ಲಿ. ತಡೆಯುತ್ತಿರುವವನು ಯಾರೆಂದು ತಿಳಿಯಲು ಒಂದು ಸರಳ ಪರೀಕ್ಷೆ ಸಾಕು: ಮೌಂಟ್ ಆದ ಫೋಲ್ಡರಿನಲ್ಲಿ ಸುಡೋ ಸೇರಿಸಿ ಟಚ್ ಆಜ್ಞೆಯಿಂದ ಒಂದು ಖಾಲಿ ಫೈಲನ್ನು ಹುಟ್ಟಿಸಿ ನೋಡಿ. ರೂಟ್‌ಗೆ ಸಾಧ್ಯವಾಗಿ ಸಹಾಯಕರ ಖಾತೆಗೆ ಮಾತ್ರ ಸಾಧ್ಯವಾಗದಿದ್ದರೆ ತಡೆ ಲಿನಕ್ಸ್‌ನದು. ರೂಟ್‌ಗೂ ಆಗದಿದ್ದರೆ ತಡೆ ವಿಂಡೋಸ್‌ನದು.

ಲಿನಕ್ಸ್‌ನ ತಡೆಗೆ ಕಾರಣವಿಷ್ಟೆ. ಮೌಂಟ್ ಮಾಡಿದ್ದು ರೂಟ್ ಆದ್ದರಿಂದ, ಬೇರೆ ಏನೂ ಹೇಳದಿದ್ದರೆ ಒಳಗಿನ ಫೈಲುಗಳೆಲ್ಲ ರೂಟ್‌ನ ಆಸ್ತಿ ಎಂದೂ ಅನುಮತಿ 755 ಎಂದೂ ಲಿನಕ್ಸ್ ತೋರಿಸುತ್ತದೆ. ಉಳಿದವರು ಓದಬಹುದು, ಬರೆಯುವಂತಿಲ್ಲ. ಮೌಂಟ್ ಸಾಲಿಗೆ 'ಯುಐಡಿ' ಮತ್ತು 'ಜಿಐಡಿ' ಆಯ್ಕೆಗಳನ್ನು ಸೇರಿಸಿ ಸಹಾಯಕರ ಖಾತೆಯ ಸಂಖ್ಯೆ ಕೊಡಿ. ಮಿಂಟ್‌ನಲ್ಲಿ ಮೊದಲ ಬಳಕೆದಾರರ ಸಂಖ್ಯೆ ಸಾಮಾನ್ಯವಾಗಿ 1000. ಅವರ ಖಾತೆಯಲ್ಲಿ ಐಡಿ ಎಂಬ ಎರಡಕ್ಷರದ ಆಜ್ಞೆ ಕೊಟ್ಟು ಖಚಿತಪಡಿಸಿಕೊಳ್ಳಿ. ಇದನ್ನು ಬಿಟ್ಟು ಫೋಲ್ಡರಿಗೆ 777 ಕೊಡುವುದರಿಂದ ಏನೂ ಆಗುವುದಿಲ್ಲ. ಫೈಲುಗಳು ಇರುವುದು ವಿಂಡೋಸ್ ಡಿಸ್ಕಿನಲ್ಲಿ. ಈ ಬಗೆಯ ಸಾಮಾನ್ಯ ಮೌಂಟ್‌ನಲ್ಲಿ ಯೂನಿಕ್ಸ್‌ನ ಆ ಒಂಬತ್ತು ಅನುಮತಿಗಳನ್ನು ಬರೆದಿಡಲು ಅಲ್ಲಿ ಜಾಗವಿಲ್ಲ. ಬರೆಯುವ ಅನುಮತಿಯನ್ನು ಎಲ್ಲರಿಂದಲೂ ಕಿತ್ತುಕೊಂಡರೆ ಮಾತ್ರ ವಿಂಡೋಸ್‌ನ 'ರೀಡ್ ಓನ್ಲಿ' ಗುರುತು ಬೀಳುತ್ತದೆ. ಅಂದರೆ ಆ ಆಜ್ಞೆಯಿಂದ ಬಾಗಿಲನ್ನು ಮುಚ್ಚಬಹುದೇ ಹೊರತು ತೆರೆಯಲಾಗದು.

ವಿಂಡೋಸ್ ಕಡೆಯ ಕಾವಲುಗಾರನ ಕೈಯಲ್ಲಿ ಎರಡು ಪಟ್ಟಿಗಳಿವೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ 'ಶೇರಿಂಗ್' ಎಂಬಲ್ಲಿ ಒಂದು, 'ಸೆಕ್ಯುರಿಟಿ' ಎಂಬಲ್ಲಿ ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಡೆಯುತ್ತದೆ. 'ಅಡ್ವಾನ್ಸ್ಡ್ ಶೇರಿಂಗ್' ಮೂಲಕ ಹಂಚಿದ ಫೋಲ್ಡರಿನಲ್ಲಿ ಮೊದಲನೆಯ ಪಟ್ಟಿ ಎಲ್ಲರಿಗೂ ಓದುವ ಅನುಮತಿಯನ್ನು ಮಾತ್ರ ಕೊಟ್ಟಿರುತ್ತದೆ; ಜನ ಸಾಮಾನ್ಯವಾಗಿ ಎರಡನೆಯದನ್ನೇ ತಿದ್ದಿ ತಿದ್ದಿ ಸುಸ್ತಾಗುವುದು ಇದರಿಂದಲೇ. 'ಲೆಕ್ಕ' ಖಾತೆಗೆ ಮೊದಲನೆಯದರಲ್ಲಿ 'ಚೇಂಜ್', ಎರಡನೆಯದರಲ್ಲಿ 'ಮಾಡಿಫೈ' ಕೊಟ್ಟರೆ ಸಾಕು. 'ಎವ್ರಿವನ್' ಎಂಬುದನ್ನು ಮೊದಲನೆಯ ಪಟ್ಟಿಯಿಂದ ತೆಗೆದುಹಾಕುವುದಾದರೆ ನಿಮ್ಮ ಉಳಿದ ವಿಂಡೋಸ್ ಯಂತ್ರಗಳು ಯಾವ ಹೆಸರಿನಲ್ಲಿ ಬರುತ್ತಿವೆ ಎಂದು ಮೊದಲು ನೋಡಿಕೊಳ್ಳಿ.

ನೀವು ಕೇಳದಿದ್ದರೂ ಕನ್ನಡದವರಿಗೆ ಎದುರಾಗುವ ಒಂದು ವಿಷಯವನ್ನು ಸೇರಿಸುತ್ತೇನೆ. ಮಾಟುಂಗದ ಒಂದು ಡಿಟಿಪಿ ಕೇಂದ್ರದಲ್ಲಿ ಮದುವೆಯ ಆಮಂತ್ರಣಗಳ ಫೈಲುಗಳಿಗೆ ಕನ್ನಡದಲ್ಲೇ ಹೆಸರಿಡುತ್ತಿದ್ದರು; ಅವರ ಲಿನಕ್ಸ್ ಯಂತ್ರದಲ್ಲಿ ಆ ಹೆಸರುಗಳೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತಿದ್ದವು. ಫೈಲುಗಳಿಗೆ ಏನೂ ಆಗಿರಲಿಲ್ಲ. ನೆಟ್‌ವರ್ಕ್‌ನಲ್ಲಿ ಹೆಸರುಗಳು ಯೂನಿಕೋಡ್‌ನಲ್ಲೇ ಬರುತ್ತವೆ. ಬಂದ ಮೇಲೆ ಅವನ್ನು ಯಾವ ಲಿಪಿಸಂಕೇತಕ್ಕೆ ಪರಿವರ್ತಿಸಬೇಕೆಂಬುದನ್ನು ಕರ್ನಲ್ ಕಟ್ಟಿದವರು ಆಯ್ದಿಟ್ಟಿರುತ್ತಾರೆ, ಎಲ್ಲ ಕರ್ನಲ್‌ಗಳಲ್ಲೂ ಆ ಆಯ್ಕೆ ಯುಟಿಎಫ್-8 ಆಗಿರುವುದಿಲ್ಲ. ಮೌಂಟ್ ಸಾಲಿನಲ್ಲಿ 'ಐಒಚಾರ್‌ಸೆಟ್' ಎಂಬ ಆಯ್ಕೆಗೆ ಯುಟಿಎಫ್8 ಎಂದು ಕೊಟ್ಟೊಡನೆ ವಧೂವರರ ಹೆಸರುಗಳು ಮರಳಿ ಬಂದವು.

ಎಲ್ಲವೂ ಕೈಯಿಂದ ಒಮ್ಮೆ ಸರಿಯಾಗಿ ನಡೆದ ಮೇಲೆ ಮಾತ್ರ ಆ ಸಾಲನ್ನು ಎಫ್‌ಎಸ್‌ಟ್ಯಾಬ್ ಫೈಲಿಗೆ ಸೇರಿಸಿ. ಶೇರ್‌ನ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಅಲ್ಲಿ ಹಿಂಬದಿಗೆ ಓರೆಯಾದ ಗೆರೆ ಮತ್ತು 040 ಬರೆಯಬೇಕು. ಉದ್ಧರಣ ಚಿಹ್ನೆ ನಡೆಯುವುದಿಲ್ಲ. ಬೆಳಿಗ್ಗೆ ಸಹಾಯಕರು ನಿಮಗಿಂತ ಮೊದಲು ಬಂದು ಲಿನಕ್ಸ್ ಯಂತ್ರವನ್ನು ಹಾಕಿದಾಗ ನಿಮ್ಮ ವಿಂಡೋಸ್ ಇನ್ನೂ ಮಲಗಿರುತ್ತದೆ. ಆಗ ಅದಕ್ಕಾಗಿ ಕಾಯುತ್ತ ಲಿನಕ್ಸ್ ಅರ್ಧದಲ್ಲೇ ನಿಂತುಬಿಡಬಾರದು. ಇದಕ್ಕೆ 'ನೋಫೇಲ್' ಎಂಬ ಆಯ್ಕೆಯೂ, ಅದರ ಜೊತೆಗೆ ಎಕ್ಸ್-ಸಿಸ್ಟಮ್‌ಡಿ ಎಂದು ಆರಂಭವಾಗುವ 'ಆಟೋಮೌಂಟ್' ಆಯ್ಕೆಯೂ ಬೇಕು. ಎರಡನೆಯದು ಇದ್ದರೆ, ಯಾರಾದರೂ ಆ ಫೋಲ್ಡರನ್ನು ಮೊದಲ ಬಾರಿ ತೆರೆದಾಗಲೇ ಮೌಂಟ್ ಆಗುತ್ತದೆ. ಫೈಲನ್ನು ಉಳಿಸಿದ ಮೇಲೆ ಯಂತ್ರವನ್ನು ಮರುಚಾಲನೆ ಮಾಡುವ ಮೊದಲು ಮೌಂಟ್ ಆಜ್ಞೆಗೆ 'ಎ' ಆಯ್ಕೆ ಕೊಟ್ಟು ಪರೀಕ್ಷಿಸಿ. ಅಕ್ಷರ ತಪ್ಪಿದ್ದರೆ ಅಲ್ಲೇ ತಿಳಿಯುತ್ತದೆ.

ಪರಿಚಯದವರ ಮಾತು ಕೇಳಿ ಎಸ್‌ಎಂಬಿ 1ನ್ನು ಈಗಾಗಲೇ ಚಾಲೂ ಮಾಡಿದ್ದರೆ, ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಂಡೋಸ್ ಫೀಚರ್‌ಗಳ ಪಟ್ಟಿಯನ್ನು ತೆರೆದು, ಆ ಹೆಸರಿನ ಮುಂದಿರುವ ಟಿಕ್ ತೆಗೆದು, ಯಂತ್ರವನ್ನು ಒಮ್ಮೆ ಮರುಚಾಲನೆ ಮಾಡಿ. ಕಚೇರಿಯಲ್ಲಿ ಸ್ಕ್ಯಾನ್ ಮಾಡಿದ ಕಾಗದಗಳನ್ನು ಶೇರ್‌ಗೆ ಕಳಿಸುವ ಹಳೆಯ ಜೆರಾಕ್ಸ್ ಯಂತ್ರವೇನಾದರೂ ಇದ್ದರೆ ಅದು ಆಗ ನಿಲ್ಲಬಹುದು. ಅದನ್ನು ಇಮೇಲಿಗೆ ಅಥವಾ ಪೆನ್‌ಡ್ರೈವಿಗೆ ಕಳಿಸುವಂತೆ ಬದಲಿಸಿಕೊಳ್ಳಿ.